ಮುಟ್ಟದ ಸಂದೇಶಕ್ಕೆ ಹಸಿರು ಗುರುತು

ಅನಗೋಳದ ಓಣಿಗೆ ಇನ್ನೂ ಹಾಲಿನವನ ಗಾಡಿ ಬಂದಿಲ್ಲ. ಮಾಲಾ ಮಾತ್ರ ಬಾಡಿಗೆ ಕೋಣೆಯ ಹೊಸ್ತಿಲಿಗೆ ಬಂದು ಕೂತಿದ್ದಾರೆ. ಮುಂದೆ ನೆಲದ ಮೇಲೆ ಮೂರು ಹಳೆಯ ಮೊಬೈಲ್. ಒಂದರ ಗಾಜು ಒಡೆದಿದೆ, ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ. ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿ, ಕಿವಿಗೊಟ್ಟು ಕಾಯುತ್ತಾರೆ. ಒಂದು ಮೊಬೈಲಿನಿಂದ ಕುರಿಯ ಕೊರಳಗಂಟೆಯ ಸದ್ದು ಬರುತ್ತದೆ, ಆಮೇಲೆ ಎರಡನೆಯದರಿಂದ. ಮೂರನೆಯದು ಸುಮ್ಮನೆ ಬಿದ್ದಿದೆ.

"ಇದರ ಹಣೇಬಾರಾನ ಇಷ್ಟ ನೋಡ್ರಿ," ಎಂದು ಅದನ್ನು ಕೈಗೆತ್ತಿಕೊಳ್ಳುತ್ತಾರೆ. "ಬ್ಯಾಟರಿ ಉಳಸ್ತೀನಿ ಅಂತ ನಮ್ಮ ಆಪನ್ನ ಮಲಗಿಸಿಬಿಡತೈತಿ. ನಮ್ಮೂರು ಬೀಡ್ಯಾಗ ಭಾಳ ಮಂದಿ ಕೈಯಾಗ ಇದ ಮಾಡೆಲ್ ಐತ್ರಿ. ಇದು ಬಾರಿಸೋತನಾ ನಾ ಚಾ ಕುಡಿಯಂಗಿಲ್ಲ."

ಮಾಲಾ ಸಾಫ್ಟ್‌ವೇರ್ ಡೆವಲಪರ್. ರವಿವಾರ ಪೇಟೆಯ ಬೆಲ್ಲದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಸಣ್ಣ ಕಚೇರಿ. ಹುಟ್ಟಿದ್ದು ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಖಾನಾಪುರದ ಹಳ್ಳಿಗಳಿಗೆ ಖಾಸಗಿ ಟ್ರಸ್ಟೊಂದು ದನ-ಕುರಿಗಳ ಆಸ್ಪತ್ರೆಯ ಗಾಡಿ ಓಡಿಸುತ್ತದೆ. ಆ ಗಾಡಿ ಯಾವ ಊರಿಗೆ, ಯಾವತ್ತು, ಎಲ್ಲಿಗೆ ಬರುತ್ತದೆ ಎಂದು ಹಿಂದಿನ ದಿನವೇ ಕುರಿಗಾಹಿಗಳ ಮೊಬೈಲಿಗೆ ತಿಳಿಸುವ, ಮಾಲಾ ಕಟ್ಟಿದ ಆಪ್ ಒಂದಿದೆ. ಅದರ ಉದ್ಘಾಟನೆಗೆ ಹಾರ ಹಾಕಿಸಿಕೊಂಡವರು ಬೇರೆ, ಫೋಟೊದಲ್ಲಿ ನಕ್ಕವರು ಬೇರೆ. ಸುಮಾರು ನಾಲ್ಕು ಸಾವಿರ ಮೊಬೈಲುಗಳಿಗೆ ಆ ಒಂದು ಸಾಲಿನ ಸಂದೇಶ ಮುಟ್ಟಿತೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವರು ಮಾಲಾ ಒಬ್ಬರೇ.

ಸಂದೇಶ ಮುಟ್ಟದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹೋದ ಮಳೆಗಾಲದಲ್ಲಿ ಅದು ಆಗಿಯೇ ಹೋಗಿದೆ.

ಮೊದಲ ಮಳೆ ಬಿದ್ದು ಎಳೆ ಹುಲ್ಲು ಚಿಗುರುವ ಹೊತ್ತಿಗೆ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಸಂಜೆ ಮೇಯ್ದು ಬಂದ ಕುರಿ ಬೆಳಗಾಗುವಷ್ಟರಲ್ಲಿ ಕಾಲು ಸೆಟೆದು ಬಿದ್ದಿರುತ್ತದೆ. ಔಷಧ ಹುಡುಕಲೂ ಹೊತ್ತಿರುವುದಿಲ್ಲ. ಇದಕ್ಕಿರುವುದು ಒಂದೇ ದಾರಿ, ಮಳೆಗೆ ಮುಂಚೆಯೇ ಲಸಿಕೆ ಹಾಕಿಸುವುದು. ಹೋದ ವರ್ಷವೂ ಗಾಡಿ ಬೀಡಿಗೆ ಬಂತು. ಪಶುವೈದ್ಯ ನಾಗಲಿಂಗ ಅವರು ಶಾಲೆಯ ಮೈದಾನದಲ್ಲಿ ಮಧ್ಯಾಹ್ನದವರೆಗೆ ಕಾದರು. ಅಲ್ಲೇ ಹಾದುಹೋಗುತ್ತಿದ್ದ ಒಂದಿಬ್ಬರು ಬಿಟ್ಟರೆ ಯಾರೂ ಬರಲಿಲ್ಲ. ಸೀಲು ಒಡೆದ ಲಸಿಕೆ ಇಟ್ಟುಕೊಳ್ಳುವ ಹಾಗಿಲ್ಲ, ಚೆಲ್ಲಿ ಹೋದರು. "ಬೀಡಿಯ ಜನಕ್ಕೆ ಆಸಕ್ತಿ ಇಲ್ಲ" ಎಂದು ಟ್ರಸ್ಟಿನ ಸಭೆಯಲ್ಲಿ ತೀರ್ಮಾನವೂ ಆಯಿತು.

ಮಾಲಾ ಆ ಸುದ್ದಿ ಕೇಳಿ ತಮ್ಮ ಚಿಕ್ಕಮ್ಮ ಮಾಯವ್ವನಿಗೆ ಫೋನ್ ಮಾಡಿ ಬೈದರಂತೆ. ಮಾಯವ್ವ ಬೀಡಿಯಲ್ಲಿ ಇಂದಿಗೂ ಕುರಿ ಕಾಯುವ ಹೆಂಗಸು. ಅವರ ಉತ್ತರವನ್ನು ಮಾಲಾ ಇದ್ದ ಹಾಗೆಯೇ ಹೇಳುತ್ತಾರೆ: "ನೀ ಗಂಟಿ ಬಾರಿಸ್ಲಿಲ್ಲ, ನಾ ಬರ್ಲಿಲ್ಲ. ನನಗ್ಯಾಕ ಬೈತಿ?"

ಮಾಲಾ ಗಾಬರಿಯಾಗಿ ಕಂಪ್ಯೂಟರ್ ತೆರೆದರು. ಅಲ್ಲಿ ಹಸಿರು ಗುರುತು ನಗುತ್ತಿತ್ತು. ಕೆಲಸ ಪೂರ್ಣ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಮೊಬೈಲಿಗೆ ಟಿಣ್ ಎಂದು ಬಂದು ಬೀಳುವ ಸಂದೇಶಗಳನ್ನು ಬಹುತೇಕ ಆಪ್‌ಗಳು ತಾವೇ ಕಳಿಸುವುದಿಲ್ಲ. ಅದಕ್ಕೆಂದೇ ದೊಡ್ಡ ಕಂಪನಿಗಳಿವೆ. ಡೆವಲಪರ್ ಆದವರು ಸಂದೇಶವನ್ನು ಅವರ ಕೈಗೆ ಕೊಟ್ಟರೆ ಸಾಕು, ನೋಟಿಫಿಕೇಶನ್ನೋ ಎಸ್ಸೆಮ್ಮೆಸ್ಸೋ ವಾಟ್ಸಾಪೋ, ಮುಟ್ಟಿಸುವ ಜವಾಬ್ದಾರಿ ಅವರದು. ಮಾಲಾರ ಜೊತೆ ಕೆಲಸ ಮಾಡುವ ರೋಹನ ಈ ಸೇವೆಯನ್ನು ಪೂರ್ತಿ ಬೈಯಲು ಒಪ್ಪುವುದಿಲ್ಲ. "ಮೊದಲ ಒಂದೊಂದು ನಮೂನಿ ಮೊಬೈಲಿಗೂ ಬ್ಯಾರೆ ಬ್ಯಾರೆ ಕೋಡ್ ಬರದು ಸಾಯ್ತಿದ್ವಿರಿ. ಅವರ ಕಡೆ ಹೋದ ಮ್ಯಾಲೆ ಕೆಲಸ ಹಗರ ಆತು, ಅದೂ ಖರೇನ. ಆದ್ರ ಒಳಗ ಏನ್ ನಡಿತೈತಿ ಅನ್ನೂದು ನಮ್ಮ ಕೈಯಾಗ ಇಲ್ಲ ನೋಡ್ರಿ," ಎನ್ನುತ್ತಾರೆ.

ಒಳಗೆ ನಡೆದದ್ದು ಇಷ್ಟು. ಮಾಲಾ ಸಂದೇಶ ಕೊಡುತ್ತಿದ್ದ ಕಂಪನಿ ತನ್ನ ವ್ಯವಸ್ಥೆಗೆ ಹೊಸ ಜಾಣತನವೊಂದನ್ನು ಸೇರಿಸಿತ್ತು. ಬಂದ ಸಂದೇಶವನ್ನು ಒತ್ತಿ ಆಪ್ ತೆರೆಯದ ಜನ ‘ಆಸಕ್ತಿ ಇಲ್ಲದವರು’. ಅಂಥವರಿಗೆ ಸಂದೇಶ ಕಳಿಸುವುದು ದಂಡ. ಯಾರನ್ನೂ ಕೇಳದೆ ತಾನೇ ನಿಲ್ಲಿಸುತ್ತದೆ, ನಿಲ್ಲಿಸಿದ ಮೇಲೆ ಕೆಲಸ ಮುಗಿಯಿತೆಂದು ಹಸಿರು ಗುರುತನ್ನೂ ಹಾಕಿಕೊಳ್ಳುತ್ತದೆ!

ಬೀಡಿಯ ಜನ ಆಪ್ ತೆರೆಯುತ್ತಿರಲಿಲ್ಲ ಎಂಬುದು ನಿಜ. ತೆರೆಯುವ ಅಗತ್ಯವೇ ಬಾರದ ಹಾಗೆ ಮಾಲಾ ಅದನ್ನು ಕಟ್ಟಿದ್ದರು. ಒಂದು ಕೈಯಲ್ಲಿ ಕೋಲು, ಕಾಡಿನಂಚಿನಲ್ಲಿ ನೆಟ್‌ವರ್ಕ್ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಹೀಗಿರುವಾಗ ಆಪ್ ತೆರೆದು ಸುತ್ತುವ ಚಕ್ರ ನೋಡುತ್ತ ನಿಲ್ಲುವವರು ಯಾರು? ಅದಕ್ಕೆಂದೇ ಇಡೀ ಮಾತನ್ನು ಪರದೆಯ ಮೇಲೆಯೇ ಕಾಣುವಂತೆ ಬರೆದರು: ‘ಬೀಡಿ. ನಾಳೆ ಮುಂಜಾನೆ. ಸಾಲಿ ಮೈದಾನ. ಕುರಿ ತರ್ರಿ.’ ಸದ್ದಿಗೆ ಮಾಯವ್ವನ ಕುರಿಯ ಗಂಟೆಯನ್ನೇ ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿದ್ದರು. ಜನ ಸದ್ದು ಕೇಳುತ್ತಿದ್ದರು, ಓದುತ್ತಿದ್ದರು, ಬೆರಳಿನಿಂದ ಒರೆಸಿ ಹಾಕಿ ಪಕ್ಕದವರಿಗೆ ಕೂಗಿ ಹೇಳುತ್ತಿದ್ದರು, ಮರುದಿನ ಕುರಿ ಹೊಡೆದುಕೊಂಡು ಬರುತ್ತಿದ್ದರು. ಸಂದೇಶ ಎಂಬುದು ಇರುವುದಾದರೂ ಮತ್ತೇತಕ್ಕೆ?

"ಊರಾಗ ಡಂಗುರ ಸಾರ್ತಾರ್ರಿ. ಕೇಳಿದವ ತನ್ನ ಕೆಲಸಕ್ಕ ಹೊಕ್ಕಾನ. ಕೇಳ್ದೆಪಾ ಅಂತ ಡಂಗುರದವನ ಮನಿ ಬಾಗಲಾ ಬಡದು ಹೇಳಿ ಬರ್ತಾನೇನು?" ಮಾಲಾರ ದನಿ ಏರುತ್ತದೆ. "ನಮ್ಮ ಮಂದಿ ಓದಿ ಬರ್ತಿದ್ರು. ಆ ಮಷೀನಿಗೆ ಬರೂದು ಕಾಣಂಗಿಲ್ಲ, ಬಟನ್ ಒತ್ತೂದು ಅಷ್ಟ ಕಾಣತೈತಿ."

ಆ ಮಳೆಗಾಲದಲ್ಲಿ ಮಾಯವ್ವನ ಕುರಿದೊಡ್ಡಿಯಲ್ಲಿ ಬೆಳಗಾದರೆ ಒಂದು ಹೆಣ. ಗಬ್ಬಾದ ಕುರಿಗಳನ್ನೂ ಕರುಳುಬೇನೆ ಬಿಡಲಿಲ್ಲ. ಅರ್ಧ ಹಿಂಡು ಹೋಯಿತು. ಟ್ರಸ್ಟು ತನ್ನ ವರದಿಯಲ್ಲಿ ‘ಡೆವಲಪರ್ ಕಡೆಯ ಲೋಪ’ ಎಂದು ಬರೆದು ಕೈತೊಳೆದುಕೊಂಡಿತು. ತಪ್ಪು ಮಾಡಿದ್ದು ಎಲ್ಲೋ ಕೂತ ಯಂತ್ರ, ಗೂಬೆ ಕೂರಿಸಿದ್ದು ಅನಗೋಳದ ಬಾಡಿಗೆ ಕೋಣೆಯ ಹೆಣ್ಣುಮಗಳ ತಲೆಯ ಮೇಲೆ. ಒಂದು ಊರಿನ ಕುರಿ ಸತ್ತಿವೆ ಎಂದು ಮಾಲಾ ಆ ಕಂಪನಿಗೆ ಬರೆದರೆ ಬಂದ ಉತ್ತರವನ್ನು ನನಗೂ ತೋರಿಸಿದರು. ‘ನಿಮ್ಮ ಅನುಭವ ನಮಗೆ ಅಮೂಲ್ಯ’ ಎಂದು ಶುರು. ಬಳಕೆದಾರರ ಆಸಕ್ತಿ ಹೆಚ್ಚಿಸಲು ಬಣ್ಣದ ಚಿತ್ರ, ಆಕರ್ಷಕ ಕೊಡುಗೆ ಸೇರಿಸಿ ನೋಡಿ ಎಂದು ಸಲಹೆ. ತಾನಾಗಿ ತಡೆಯುವ ಆ ನಿಯಮವನ್ನು ಬಂದ್ ಮಾಡುವ ಸೌಲಭ್ಯ ದೊಡ್ಡ ಗ್ರಾಹಕರಿಗೆ ಮಾತ್ರವಂತೆ. ಕೊನೆಯಲ್ಲಿ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ ಬೇರೆ. ಅಬ್ಬಬ್ಬಾ! ಓದಿದ ನನಗೇ ಮೈ ಉರಿಯಿತು. ಸತ್ತ ಕುರಿಯ ಮುಂದೆ ನಿಂತವಳಿಗೆ ಹೇಗಾಗಿರಬೇಡ?

"ಊರಿಗೆ ಹೋಗಿ ಎಲ್ಲಾರಿಗೂ ಒಂದೊಂದ ಸಲ ಒತ್ತಿಸ್ಕೊಂಡ ಬಾ, ಮುಗದ ಹೋತು ಅಂದ್ರು ನಮ್ಮ ಆಫೀಸಿನ್ಯಾಗ. ನಾ ಆಗಂಗಿಲ್ಲ ಅಂದೆ," ಎನ್ನುತ್ತಾರೆ ಮಾಲಾ. "ಈ ಸಲ ಒತ್ತಿಸ್ತೀವಿ. ಮುಂದಿನ ವರ್ಷ? ಅವರ ಮಷೀನ್ ಖುಷಿ ಮಾಡಾಕ ಮುದುಕೀರು ಬಟನ್ ಒತ್ತಕೋತ ಕುಂದರಬೇಕೇನ್ರಿ?"

ಅವರು ಬೇರೆ ದಾರಿ ಹಿಡಿದರು. ಲಸಿಕೆಯ ಸಂದೇಶವನ್ನು ಆ ಕಂಪನಿಯ ಕೈಗೆ ಕೊಡುವುದನ್ನೇ ನಿಲ್ಲಿಸಿ, ಕಳಿಸುವ ವ್ಯವಸ್ಥೆಯನ್ನು ತಾವೇ ಬರೆದರು. ಸಂಬಳದ ಕೆಲಸ ಹಗಲಿಗೆ, ಇದು ನಸುಕಿಗೆ. ಸಂದೇಶ ಮೊಬೈಲಿಗೆ ಇಳಿದ ಕೂಡಲೇ ‘ಮುಟ್ಟಿದೆ’ ಎಂದು ಆ ಮೊಬೈಲೇ ತಿರುಗಿ ಹೇಳುತ್ತದೆ. ಹಾಗೆ ಹೇಳದ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗುತ್ತದೆ. ಅದೂ ಮುಟ್ಟದಿದ್ದರೆ ಮಾಲಾ ಸ್ವತಃ ಫೋನ್ ಮಾಡುತ್ತಾರೆ, ಕನ್ನಡ ಬಾರದವರಿಗೆ ಮರಾಠಿಯಲ್ಲಿ. ಒತ್ತಿದರೋ ಇಲ್ಲವೋ ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಈ ಮೇ ತಿಂಗಳಲ್ಲಿ ಗಾಡಿ ಮತ್ತೆ ಬೀಡಿಗೆ ಬರುವ ದಿನ ನಾನೂ ಮಾಲಾರ ಜೊತೆ ಬಸ್ ಹತ್ತಿದೆ. ಈ ಸಲವೂ ಮೈದಾನ ಖಾಲಿ ಇದ್ದರೆ ಬೀಡಿಯ ಹೆಸರನ್ನೇ ಪಟ್ಟಿಯಿಂದ ತೆಗೆಯುವುದಾಗಿ ಟ್ರಸ್ಟಿನವರು ಹೇಳಿಬಿಟ್ಟಿದ್ದರು. ಖಾನಾಪುರ ದಾಟುವವರೆಗೂ ಮಾಲಾ ಯಾರ್ಯಾರಿಗೆ ಸಂದೇಶ ಮುಟ್ಟಿದೆ ಎಂದು ಮೊಬೈಲಿನಲ್ಲಿ ಎಣಿಸುತ್ತಲೇ ಇದ್ದರು. ಶಾಲೆಯ ತಿರುವಿನಲ್ಲಿ ಇಳಿಯುತ್ತಿದ್ದಂತೆ ಧೂಳು ಕಂಡಿತು, ಆಮೇಲೆ ಕುರಿಗಳು. ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಮಾಲಾ ಅಲ್ಲೇ ರಸ್ತೆಯಲ್ಲಿ ನಿಂತು ಮುಖಕ್ಕೆ ಓಢಣಿ ಒತ್ತಿಕೊಂಡು ಅತ್ತುಬಿಟ್ಟರು.

ನಾಗಲಿಂಗ ಅವರು ಸೂಜಿ ಹಾಕುತ್ತಲೇ ನನ್ನತ್ತ ತಿರುಗಿ, "ಈ ಸಲ ಮಂದಿಗೆ ಭಾಳ ತಿಳವಳಿಕಿ ಬಂದೈತಿ ನೋಡ್ರಿ" ಎಂದರು. ತಿಳಿವಳಿಕೆ ಹೋದ ವರ್ಷವೂ ಇತ್ತು ಡಾಕ್ಟರೇ, ಸಂದೇಶ ಇರಲಿಲ್ಲ ಎಂದು ನಾನು ತಿರುಗಿ ಹೇಳಬೇಕಾಯಿತು. ಟ್ರಸ್ಟಿನ ಪದಾಧಿಕಾರಿಯೊಬ್ಬರು ಮೈಕು ಹಿಡಿದು ಆಧುನಿಕ ತಂತ್ರಜ್ಞಾನಕ್ಕೆ ಧನ್ಯವಾದ ಹೇಳಿದರು. ಆ ತಂತ್ರಜ್ಞಾನ ಆಗ ಮೈದಾನದ ನಡುವೆ ಚೂಡಿದಾರ ಎತ್ತಿ ಕಟ್ಟಿಕೊಂಡು, ಒದೆಯುವ ಕುರಿಯೊಂದರ ಕಾಲು ಹಿಡಿದು ನಿಂತಿತ್ತು.

"ಗಟ್ಟಿ ಹಿಡಿಯೇ, ಕಂಪ್ಯೂಟರ್ ಹಿಡದಂಗ ಹಿಡಿಬ್ಯಾಡ!" ಎಂದು ಮಾಯವ್ವ ಗದರಿದರು.

"ಹಿಡದೇನಿ ಬಿಡ ಚಿಗವ್ವಾ," ಎಂದು ಮಾಲಾ ನಕ್ಕರು.

ಕೊನೆಯ ಕುರಿಗೂ ಲಸಿಕೆ ಬಿದ್ದ ಮೇಲೆ, ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ. ಮಾಲಾ ಕೈಗೆ ಹತ್ತಿದ ಕುರಿಯ ಜಿಡ್ಡನ್ನು ಮಣ್ಣಿಗೆ ಉಜ್ಜಿಕೊಳ್ಳುತ್ತಾರೆ.

"ನಂದೇನ್ ಬರೀತೀರಿ, ಬಿಡ್ರಿ. ಇಂಥಾ ಮಷೀನ್ ಕಟ್ಟೋರು ಎಲ್ಲಿದ್ರೂ ಓದೂ ಹಂಗ ಒಂದ ಮಾತ ಬರೀರಿ. ನಮ್ಮ ಮಂದಿ ಉತ್ತರಾ ಕೊಡಂಗಿಲ್ರಿ, ಎದ್ದು ಬರ್ತಾರ. ಸುಮ್ಮನ ಇದ್ದವ್ರನ್ನ ಸತ್ತಾರ ಅಂತ ತಿಳಕೋಬ್ಯಾಡ್ರಿ."