ಬಂದೂಕಿನ ಫೋಟೊ ಸುಳ್ಳು ಅಂದವಳು ನಾನೇ

ನನಗೊಂದು ಚಟವಿದೆ. ಯಾವುದನ್ನೇ ಆಗಲಿ ಸರಿಯಾಗಿ ನೋಡುವ ಮೊದಲೇ ಅದು ಸುಳ್ಳು ಎಂದುಬಿಡುವುದು. ಎಲೆ ಅಡಿಕೆಯನ್ನು ಬಿಡಬಹುದು, ನಶ್ಯವನ್ನು ಬಿಡಬಹುದು, ಸಂಜೆಯ ಧಾರಾವಾಹಿಯನ್ನೂ ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು. ಇದನ್ನು ಬಿಡುವುದು ಕಷ್ಟ, ಏಕೆಂದರೆ ಇದರಿಂದ ಮರ್ಯಾದೆ ಸಿಗುತ್ತದೆ. ಯಾರಾದರೂ ಹೊಸ ಸೀರೆ ತೋರಿಸಿ ಅಪ್ಪಟ ರೇಷ್ಮೆ ಅಂದರೆ, "ಎಳೆ ಸುಟ್ಟು ನೋಡೀರೇನ್ರೀ?" ಎಂದು ಕೇಳಿದರೆ ಸಾಕು. ಉಟ್ಟವಳ ಮುಖ ಬಾಡುತ್ತದೆ, ಕೇಳಿದವಳು ಜಾಣೆ ಅನ್ನಿಸಿಕೊಳ್ಳುತ್ತಾಳೆ. ಜೇನುತುಪ್ಪ ಬಂದರೆ ಬೆಲ್ಲದ ಪಾಕ ಅನ್ನಬೇಕು, ತುಪ್ಪ ಬಂದರೆ ಡಾಲ್ಡಾ ಅನ್ನಬೇಕು. ನಿಜ ಎಂದವರು ನಾಳೆ ಮೋಸ ಹೋಗಿ ನಗೆಗೀಡಾಗಬಹುದು. ಸುಳ್ಳು ಎಂದವರನ್ನು ಯಾರೂ ಹಿಡಿದು ಕೇಳುವುದಿಲ್ಲ. ಹಾಗಂತ ನಾನು ಬಹಳ ಕಾಲ ನಂಬಿದ್ದೆ.

ನಾನು ರಾಯದುರ್ಗದವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕುಳಿತವಳು ಇನ್ನೂ ಎದ್ದಿಲ್ಲ. ನಮ್ಮೂರಲ್ಲಿ ಯಾವ ಬೀದಿಗೆ ಹೋದರೂ ಜೀನ್ಸ್ ಹೊಲಿಯುವ ಸದ್ದು ಕೇಳುತ್ತದೆ. ಈಗ ಬಟ್ಟೆಗಿಂತ ಮೊದಲು ಬಟ್ಟೆಯ ಫೋಟೊ ಬರುತ್ತದೆ. ವ್ಯಾಪಾರಿ ಮೊಬೈಲಿಗೆ ಒಂದು ಪ್ಯಾಂಟಿನ ಚಿತ್ರ ಕಳಿಸಿ, ಇಂಥದ್ದು ಆಗುತ್ತದೆಯೇ ಎನ್ನುತ್ತಾನೆ. ಅದು ಯಾರೋ ನಿಜವಾಗಿ ಹೊಲಿದದ್ದೋ, ಕಂಪ್ಯೂಟರಿನಲ್ಲಿ ಬಿಡಿಸಿದ್ದೋ ನೋಡಿ ಹೇಳಬೇಕು. ಬೀದಿಯಲ್ಲಿ ಈ ವಿಷಯಕ್ಕೆ ನನ್ನನ್ನು ಕೇಳುವವರುಂಟು. ಆ ಹೆಮ್ಮೆಯೇ ನನ್ನ ತಮ್ಮನ ಕುತ್ತಿಗೆಗೆ ಬಂತು.

ತಮ್ಮ ತಿಪ್ಪೇಶ ಮದುವೆಯಾದ ಮೇಲೆ ಹೆಂಡತಿಯ ಊರ ಕಡೆ, ಮಡಕಶಿರದ ಹತ್ತಿರ ನೆಲೆಸಿದ. ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತಾನೆ. ಮೀಸೆ ನೆರೆಯಲು ಶುರುವಾಗಿರುವ ಈ ಮನುಷ್ಯನಿಗೆ ಒಂದು ಹುಚ್ಚು, ಆಟಿಕೆ ಬಂದೂಕು. ಸ್ಪಂಜಿನ ಗುಂಡು ಹಾರಿಸುತ್ತವಲ್ಲ, ಮಕ್ಕಳು ಒಬ್ಬರಿಗೊಬ್ಬರು ಹೊಡೆದರೂ ನೋವಾಗದಂಥವು, ಅವು. ಅವನು ಅದಕ್ಕೆ ಬಂದೂಕು ಅಂದರೆ ಮುನಿಸಿಕೊಳ್ಳುತ್ತಾನೆ, ಬ್ಲಾಸ್ಟರ್ ಅನ್ನಬೇಕು. ರೇಷ್ಮೆ ಹುಳುಗಳು ಬೆಳೆಯುತ್ತ ಬೆಳೆಯುತ್ತ ನಡುನಡುವೆ ಮೇವು ಬಿಟ್ಟು ಮೈ ಬಿಗಿದು ಮಲಗುತ್ತವೆ, ಪೊರೆ ಕಳಚುವ ತನಕ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸಾಕುವವನಿಗೆ ಬಿಡುವು. ಬೇರೆಯವರು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಾರೆ, ಇವನು ಬ್ಲಾಸ್ಟರ್ ಬಿಚ್ಚಿ ಸ್ಪ್ರಿಂಗಿಗೆ ಎಣ್ಣೆ ಬಿಡುತ್ತಾನೆ.

ಇವನಂಥವರದ್ದೇ ಒಂದು ವಾಟ್ಸಾಪ್ ಗುಂಪಿದೆ. ಹಿಂದೂಪುರ, ಪಾವಗಡ, ಇನ್ನೂ ಎಲ್ಲೆಲ್ಲಿಯವರೋ ಕನ್ನಡ ತೆಲುಗು ಕಲಸಿ ಹರಟುತ್ತಾರೆ. ಕಂಪನಿಯವರು ಹೊಸ ಬ್ಲಾಸ್ಟರ್ ಹೊರಗೆ ಬಿಡುವ ಮೊದಲೇ ಅದರ ಚಿತ್ರ ಎಲ್ಲಿಂದಲೋ ಸೋರಿ ಬರುವುದುಂಟು. ಆಗ ಗುಂಪಿನಲ್ಲಿ ಹಬ್ಬ. ಇದು ಅಸಲಿ ಎಂದು ಒಬ್ಬ, ಯಾರೋ ಮನೆಯಲ್ಲಿ ಕೂತು ಮಾಡಿದ್ದು ಎಂದು ಇನ್ನೊಬ್ಬ. ಗೊತ್ತಿಲ್ಲ ಎಂದವನು ಆ ಗುಂಪಿನಲ್ಲಿ ಈವರೆಗೆ ಹುಟ್ಟಿಲ್ಲ ಎಂದು ತಿಪ್ಪೇಶನೇ ನಗುತ್ತಿದ್ದ. ಹಾಗೆ ಸೋರಿ ಬಂದ ಒಂದು ಚಿತ್ರವನ್ನು ಅವನು ನನಗೆ ಕಳಿಸಿ ಫೋನು ಮಾಡಿದ.

"ಅಕ್ಕಾ, ನೀ ಸ್ಯಾಂಪಲ್ ಫೋಟೊ ಎಷ್ಟೋ ನೋಡೀದಿ. ಇದು ಖರೇನೋ ಸುಳ್ಳೋ ಹೇಳು."

ನನ್ನ ಕೈಯಲ್ಲಿ ಜೇಬಿನ ಕಟ್ಟು ಇತ್ತು. ಮೊಬೈಲು ಮಿಷನ್ನಿನ ಮೇಲೆ ಅಂಗಾತ ಬಿದ್ದಿತ್ತು. ಬೆರಳಿನುಗುರಷ್ಟು ಚಿತ್ರವನ್ನು ಓರೆಗಣ್ಣಿನಲ್ಲಿ ನೋಡಿದೆ. ಬೂದು ಬಣ್ಣ, ಹೆಸರಿಲ್ಲ, ಅಂಚು ಒರಟು.

"ಸುಳ್ಳದು. ಕಂಪನಿ ಮಾಲು ಹಿಂಗ ಇರ್ತದೇನೋ, ಹುಚ್ಚಪ್ಪ!"

"ಗ್ಯಾರಂಟೀನಾ?"

"ನಾ ಹೇಳೀನಲ್ಲ."

ಅವನು ಗುಂಪಿನಲ್ಲಿ ಬರೆದ. ನಮ್ಮಕ್ಕ ರಾಯದುರ್ಗದಲ್ಲಿ ದಿನಾ ಇಂಥವನ್ನೇ ನೋಡುವವಳು, ಅವಳು ಸುಳ್ಳು ಎಂದಿದ್ದಾಳೆ, ಇನ್ನು ವಾದ ಬೇಡ ಎಂದು. ಸ್ವಲ್ಪ ದಿನಕ್ಕೆ ಕಂಪನಿಯವರೇ ಆ ಬ್ಲಾಸ್ಟರ್ ಹೊರಗೆ ಬಿಟ್ಟರು. ಬಣ್ಣ ಒಂದು ಹೊಸದಾಗಿ ಬಳಿದಿದ್ದರು, ಉಳಿದದ್ದೆಲ್ಲ ಅದೇ.

ಇದನ್ನು ಅವನು ನನಗೆ ಹೇಳಲಿಲ್ಲ. ಹೇಳಿದವಳು ಅವನ ಹೆಂಡತಿ ಲತಾ. "ಅತ್ಗೆ, ಅವರು ಗುಂಪಲ್ಲಿ ಬಾಯೇ ಬಿಡ್ತಿಲ್ಲ ಕಣತ್ಗೆ. ಏನ್ ಫೋಟೋ ಬಂದ್ರೂ ಎಲ್ಲಾ ಸೇರ್ಕಂಡು 'ಅಕ್ಕನಿ ಅಡಗಂಡಿ, ಅಕ್ಕನಿ ಅಡಗಂಡಿ' ಅಂತವ್ರೆ. ಅಕ್ಕನ್ನ ಕೇಳಿ ಅಂತ ತೆಲುಗಲ್ಲಿ ಆಡ್ಕಂಡು ನಗೋದು. ಆ ಬಂದೂಕ್ಗಳನ್ನೆಲ್ಲಾ ಗೋಣಿಚೀಲಕ್ಕೆ ತುಂಬಿ ಅಟ್ಟದ ಮ್ಯಾಕಾಕವ್ರೆ."

ನನಗೆ ಊಟ ಸೇರಲಿಲ್ಲ. ಕೇಳುವವರಿಗೆ ಇದು ನಗೆಯ ವಿಷಯ. ಆದರೆ ಹುಳುಗಳ ಜ್ವರದ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದರ ಹಿಂದೆ ಒಂದು ಬರುತ್ತಿದ್ದ ಚಿತ್ರಗಳು ನಿಂತುಹೋಗಿದ್ದವು. ಅವನು ಕೇಳುತ್ತಿದ್ದದ್ದು ಬಂದೂಕಿನ ಬಗ್ಗೆಯಾದರೂ, ವರ್ಷವಿಡೀ ನಾವಿಬ್ಬರೂ ಮಾತಾಡುತ್ತಿದ್ದದ್ದು ಅದರ ನೆಪದಲ್ಲೇ. ಆ ದಾರಿಗೆ ನಾನೇ ಮುಳ್ಳು ಹಾಕಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವುದು ಬೇಡ, ಹೋಗಿಯೇ ಹೇಳಬೇಕು ಎಂದು ನಿಶ್ಚಯಿಸಿದೆ. ವ್ಯಾಪಾರಿ ಗೊಣಗಿದ. ಗೊಣಗಲಿ ಎಂದೆ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತು, ಕನ್ನಡಕ ಹಾಕಿಕೊಂಡು, ಆ ಚಿತ್ರವನ್ನು ಮೊದಲ ಸಲ ದೊಡ್ಡದು ಮಾಡಿ ನೋಡಿದೆ. ನೋಡಿದ ಹಾಗೆಲ್ಲ ಕಿವಿ ಬಿಸಿಯಾಯಿತು. ಒಂದು ಸ್ಕ್ರೂ ಕಪ್ಪು, ಉಳಿದವು ಬಿಳಿ. ಹಿಡಿಯ ಮೇಲೆ ಪೆನ್ಸಿಲ್ಲಿನ ಗೆರೆ. ಇದು ಸ್ಯಾಂಪಲ್ ಎಂದು ಕೂಗಿ ಹೇಳುತ್ತಿತ್ತು. ನಮ್ಮಲ್ಲಿ ಸ್ಯಾಂಪಲ್ ಪ್ಯಾಂಟು ಹೊಲಿಯುವುದು ಹೇಗೆ? ಕೈಗೆ ಸಿಕ್ಕ ಬಟ್ಟೆ, ಮಿಷನ್ನಿನಲ್ಲಿ ಉಳಿದ ದಾರ. ನೀಲಿ ಜೀನ್ಸಿಗೆ ಕೆಂಪು ದಾರ ಹಾಕಿ, ಹೆಂಗಸರ ಪ್ಯಾಂಟಿನ ಜಿಪ್ಪು ಕೂಡಿಸಿ, ಸೀಮೆಸುಣ್ಣದ ಗುರುತನ್ನೂ ಒರೆಸದೆ ಎಷ್ಟು ಸಲ ಕಳಿಸಿಲ್ಲ ನಾನು! ಮೊದಲ ಮಾಲು ಒರಟಾಗಿರುತ್ತದೆ, ತಿದ್ದಿ ತೀಡಿದ್ದು ಆಮೇಲಿನದು. ನನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆ ಬೇಕಾದ ಕಡೆಯಲ್ಲಿ ಅದನ್ನು ಬಿಟ್ಟು, ಬರಿಯ ಜಂಬವನ್ನು ಬಳಸಿದ್ದೆ. ಕಣ್ಣಿಲ್ಲದವರ ತಪ್ಪಿಗೆ ಕ್ಷಮೆಯಿದೆ. ಕಣ್ಣಿದ್ದೂ ತಿರುಗಿಸಿ ನೋಡದವರ ತಪ್ಪಿಗೆ ಏನಿದೆಯೋ, ಪಾವಗಡದ ತನಕ ಯೋಚಿಸಿದೆ, ಹೊಳೆಯಲಿಲ್ಲ.

ಮಧ್ಯಾಹ್ನ ಹೋಗಿ ಇಳಿದಾಗ ತಿಪ್ಪೇಶ ಹುಳುಮನೆಯ ಬಾಗಿಲಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದ.

"ಯಾಕಕ್ಕಾ, ಹೇಳದ ಕೇಳದ ಬಂದಿ? ಮನ್ಯಾಗ ಎಲ್ಲ ಆರಾಮಲ್ಲ?"

"ಎಲ್ಲ ಆರಾಮ. ನಾ ಆ ಫೋಟೊ ನೋಡಿದ್ದಿಲ್ಲಪ್ಪ, ತಿಪ್ಪೇಶಿ. ನೋಡದನ ಸುಳ್ಳಂದೆ. ಕೈಯಾಗ ಕೆಲಸಿತ್ತು ಅಂತ ಅಲ್ಲ. ಸುಳ್ಳಂದ್ರ ಶಾಣ್ಯಾಕಿ ಅಂತಾರಂತ."

ಅವನು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಹೋಗ್ಲಿ ಬಿಡು. ಆಟಿಕಿ ಸಾಮಾನು."

ಆ ಬಿಡು ಎಂಬುದು ಬಿಟ್ಟ ದನಿಯಲ್ಲಿರಲಿಲ್ಲ. ನಾನು ಅವನ ಮೊಬೈಲು ಕೇಳಿದೆ. ಗುಂಪಿಗೆ ನಾನೇ ಹೇಳುತ್ತೇನೆ ಎಂದೆ.

"ಬ್ಯಾಡಕ್ಕಾ! ಅವರು ನಿನ್ನನ್ನೂ ಬಿಡಂಗಿಲ್ಲ."

"ಬಿಡಬಾರದು. ತಾ ಇಲ್ಲಿ."

ಬರೆಯುವುದು ನನಗೆ ನಿಧಾನ. ಆದ್ದರಿಂದ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದೆ: "ನಮಸ್ಕಾರ್ರಿ. ನಾನು ತಿಪ್ಪೇಶನ ಅಕ್ಕ, ರಾಯದುರ್ಗದಾಕಿ. ಆ ಫೋಟೊ ನೋಡದನ ಸುಳ್ಳಂದಾಕಿ ನಾನು. ಅವ ಅಕ್ಕನ ಮಾತು ನಂಬಿದ, ಅಷ್ಟ ಅವನ ತಪ್ಪು. ನಗಬೇಕಂದ್ರ ನನ್ನ ನೋಡಿ ನಗ್ರಿ."

ಕಳಿಸಿ, ಎದೆ ಹಗುರಾಯಿತು ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ. ಆದರೆ ನಾನು ಯಾರ ಮುಂದೆ ತಪ್ಪೊಪ್ಪಿಕೊಂಡಿದ್ದೆ? ಬಂದ ಪ್ರತಿಯೊಂದನ್ನೂ ಅಸಲಿಯೋ ನಕಲಿಯೋ ಎಂದು ಅಳೆಯುವುದೇ ಕಸುಬಾದವರ ಮುಂದೆ. ಉತ್ತರಗಳು ಬಂದವು. ಇದು ಕಂಪ್ಯೂಟರ್ ಮಾಡಿದ ದನಿ ಎಂದು ಒಬ್ಬ. ಇಲ್ಲ, ತಿಪ್ಪೇಶನ ಹೆಂಡತಿಯ ಕೈಲಿ ಹೇಳಿಸಿದ್ದು ಎಂದು ಇನ್ನೊಬ್ಬ. ಲತಾ ಸೊಪ್ಪಿನ ಬುಟ್ಟಿ ಇಳಿಸಿ ಬಂದು ಕೇಳಿಸಿಕೊಂಡಳು.

"ನಾನಂತಾ? ಇವ್ರನ್ನ ಮದುವೆಯಾದಾಗಿಂದ ನಾನು ಒಂದ್ಸಲನಾದ್ರೂ ನಂದೇ ತಪ್ಪು ಅಂದಿದ್ದುಂಟಾ, ಕೇಳಿ ಇವ್ರನ್ನೇ!"

"ಅದನ್ನ ಬರೀಲೇನು?" ಎಂದ ತಿಪ್ಪೇಶ. ಬಹಳ ದಿನದ ಮೇಲೆ ಅವನು ನಕ್ಕದ್ದನ್ನು ಕಂಡೆ.

ಅಷ್ಟರಲ್ಲಿ ಗುಂಪಿಗೆ ಸೋರಿ ಬಂದ ಇನ್ನೊಂದು ಹೊಸ ಬ್ಲಾಸ್ಟರಿನ ಚಿತ್ರ ಬಂತು. ನಿಜವಾದ ಅಕ್ಕನಾದರೆ ಇದನ್ನು ನೋಡಿ ಹೇಳಲಿ ಎಂದು ಕೆಳಗೆ ಬರೆದಿದ್ದರು. ತಿಪ್ಪೇಶ ಮೊಬೈಲನ್ನು ನನ್ನ ಕಡೆ ಚಾಚಿದ. ಚಾಚುವ ಮುಂಚೆ ಸ್ವಲ್ಪ ತಡೆದ, ಆದರೂ ಚಾಚಿದ.

ಈ ಸಲ ಬಾಗಿಲ ಬೆಳಕಿಗೆ ಹೋಗಿ ಕೂತೆ. ಚಿತ್ರವನ್ನು ದೊಡ್ಡದು ಮಾಡಿದೆ, ಮೂಲೆ ಮೂಲೆ ಸರಿಸಿದೆ. ನೆರಳು ಬಿದ್ದ ಕಡೆ ಸರಿ ಕಂಡಿತು, ಹಿಡಿಯ ಕೆಳಗೆ ಸರಿ ಕಾಣಲಿಲ್ಲ. ಎರಡು ಸಲ ಸುಳ್ಳು ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ತಮ್ಮ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದ.

"ಏನಕ್ಕಾ?"

"ಗೊತ್ತಾಗವಲ್ದೋ."

"ಖರೇನ?"

"ಖರೇನ. ಎಷ್ಟು ನೋಡಿದ್ರೂ ಗೊತ್ತಾಗವಲ್ದು."

ಅವನು ಮೊಬೈಲು ತೆಗೆದುಕೊಂಡು, ಅಕ್ಕ ಪೂರ್ತಿ ನೋಡಿದಳು, ಅವಳಿಗೆ ಗೊತ್ತಿಲ್ಲವಂತೆ ಎಂದು ಬರೆದ. ಆಮೇಲೆ ಹಿಂದೂಪುರದವನೊಬ್ಬ ಬರೆದದ್ದನ್ನು ತಮ್ಮ ನನಗೆ ಗಟ್ಟಿಯಾಗಿ ಓದಿ ಹೇಳಿದ:

"ಗೊತ್ತಿಲ್ಲ ಅಂತ ಕಂಪ್ಯೂಟರ್ ಹೇಳಲ್ಲ, ನಮ್ಮಲ್ಲೂ ಯಾರೂ ಹೇಳಲ್ಲ. ಹಂಗಾದ್ರೆ ಈಯಮ್ಮ ಅಸಲಿ ಅಕ್ಕನೇ."