ಸ್ಟಿಯರಿಂಗಿಗೆ ಕಟ್ಟಿದ ಕೆಂಪು ಬಟ್ಟೆ

ನಮ್ಮ ಭಾವನಿಗೆ ಗ್ಯಾರೇಜು ಸಾಲಿನಲ್ಲಿ ‘ಬೆರಳು ಮೇಷ್ಟ್ರು’ ಎಂದು ಹೆಸರು. ಗೇರ್‌ಬಾಕ್ಸಿಗೆ ಎಣ್ಣೆ ತುಂಬಿದ ಮೇಲೆ ಪಕ್ಕದ ತೂತಿಗೆ ತೋರುಬೆರಳು ಹಾಕಿ, ಬೆರಳು ಒದ್ದೆಯಾದರೆ ಮಾತ್ರ ಬಿರಡೆ ಬಿಗಿಯುವ ಮನುಷ್ಯ. ಮನೆಯಲ್ಲಿ ಅಕ್ಕ ನೀರಿನ ತೊಟ್ಟಿ ತುಂಬಿತೇ ಎಂದು ಕೇಳಿದರೂ ಬೆರಳದ್ದಿಯೇ ಉತ್ತರ ಕೊಡುತ್ತಾರೆ.

ಇನ್ನೊಂದು ಪದ್ಧತಿಯೂ ಅವರದ್ದೇ. ಬದಲಿ ಗೇರ್‌ಬಾಕ್ಸ್ ಬರುವುದು ಎಣ್ಣೆ ಬಸಿದು ಖಾಲಿಯಾಗಿಯೇ. ಅದು ಗಾಡಿಗೆ ಏರಿದ ಕೂಡಲೇ ಸ್ಟಿಯರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟುವರು. ಎಣ್ಣೆ ತುಂಬಿ ಬೆರಳು ಒದ್ದೆಯಾದ ಮೇಲೆ ತಾವೇ ಬಿಚ್ಚುವರು. ತಲೆಯನ್ನು ನಂಬಬಾರದು, ಬಟ್ಟೆಯನ್ನು ನಂಬಬೇಕು ಎನ್ನುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅವರ ಅಪ್ಪ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಹೆಸರನ್ನೇ ಮರೆತಿದ್ದರು.

ನಾನು ಭಾವನ ಹೆಂಡತಿಯ ತಮ್ಮ. ಹದಿನೆಂಟು ವರ್ಷದಿಂದ ಅದೇ ತಗಡಿನ ಶೆಡ್ಡಿನಲ್ಲಿ ಅವರ ಜೊತೆ ಕೆಲಸ. ಕೈ ಚುರುಕು, ಕೋಪ ಮೂಗಿನ ತುದಿಯಲ್ಲಿ. ಯಾರಿಗೂ ಹೆದರದವನು ಎಂದು ಮೆರೆದವನು.

ಗಾಜಿನ ಅಂಗಡಿಯವನ ಹಳೇ ಪಿಕಪ್ ಬಂದಿತ್ತು. ಮೂರನೆಯ ಗೇರು ತಾನಾಗಿಯೇ ಕಳಚಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ಗುಜರಿಯಿಂದ ಅದೇ ಮಾದರಿಯ ಗೇರ್‌ಬಾಕ್ಸ್ ತಂದು, ಬೆಳಗಿನಿಂದ ಇಬ್ಬರೂ ಗಾಡಿಯಡಿ ಅಂಗಾತ ಬಿದ್ದಿದ್ದೆವು. ಜ್ಯಾಕಿನ ಮೇಲೆ ಎತ್ತಿದರೆ ಅದರ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲಿಗೆ ಕೂರಲೊಲ್ಲದು. ನಾನು ಬೈದೆ, ಕಾಲಿನಿಂದ ಒದ್ದೆ. ಹಟ ಮಾಡುವ ಮಗುವನ್ನು ಒದ್ದರೆ ಊಟ ಮಾಡುತ್ತದೆಯೇ ಎಂದು ಭಾವ ನಕ್ಕು, ಹಿಂದಿನ ತುದಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದರು. ಸರಕ್ಕನೆ ಒಳಗೆ ಕೂತಿತು. ಬೋಲ್ಟು ಬಿಗಿದು, ಬಟ್ಟೆ ಕಟ್ಟಿ, ಬಂದು ಎಣ್ಣೆ ಹಾಕುತ್ತೇನೆಂದು ಊಟಕ್ಕೆ ಹೋದರು.

ಅಷ್ಟರಲ್ಲಿ ಗಾಜಿನವನು ಬಂದ. ಇನ್ನೂ ಆಗಿಲ್ಲವೇ ಎಂದು ರಾಗ ಎಳೆದ. ನಾನು ಬಿಡುತ್ತೇನೆಯೇ? ಮಾತಿಗೆ ಮಾತು ಬೆಳೆದು, ಕೈ ಬೀಸಿದ ರಭಸಕ್ಕೆ ನನ್ನ ಲೋಟದ ಚಹಾ ಪೂರ್ತಿ ಪಿಕಪ್ಪಿನ ತೆರೆದ ಬಾಗಿಲಿನಿಂದ ಸೀಟಿನ ಮೇಲೆ ಚೆಲ್ಲಿತು. ಕೈಗೆ ಸಿಕ್ಕ ಬಟ್ಟೆ ಕಿತ್ತು ಒರೆಸಿ, ಕಸದ ಡ್ರಮ್ಮಿಗೆ ಎಸೆದೆ. ಬಾಯಿ ಜಗಳದಲ್ಲಿತ್ತು, ಕೈ ಏನು ಮಾಡಿತೆಂದು ನೋಡಿದವರಾರು?

ಭಾವ ಬಂದಾಗಲೂ ಅವನು ಕೂಗಾಡುತ್ತಲೇ ಇದ್ದ. ಅವರು ಸ್ಟಿಯರಿಂಗ್ ನೋಡಿದರು, ಬಟ್ಟೆಯಿಲ್ಲ. ತಮ್ಮ ಬೆರಳನ್ನು ನೋಡಿಕೊಂಡರು. ಊಟ ಮಾಡಿ ತೊಳೆದ ಬೆರಳು ಏನು ಹೇಳೀತು? ಕೀಲಿ ಕೊಟ್ಟುಬಿಟ್ಟರು. ಜಗಳದ ಗುಂಗಿನಲ್ಲಿ ನನಗೂ ಎಣ್ಣೆಯ ನೆನಪಾಗಲಿಲ್ಲ.

ಎರಡು ಗಂಟೆಯಲ್ಲಿ ಪಿಕಪ್ಪನ್ನು ಹಗ್ಗ ಕಟ್ಟಿ ಎಳೆದು ತಂದರು. ಗೇರ್‌ಬಾಕ್ಸಿನ ತಳದ ಬಿರಡೆ ಬಿಚ್ಚಿದರೆ ಒಂದು ಹನಿ ಎಣ್ಣೆಯಿಲ್ಲ. ಬೇರಿಂಗುಗಳು ಸುಟ್ಟು ನೀಲಿಯಾಗಿದ್ದವು. ಗಾಜಿನವನು ಬಾಯಿಗೆ ಬಂದಂತೆ ಅಂದ. ಭಾವ ತಲೆ ತಗ್ಗಿಸಿ ನಿಂತಿದ್ದರು.

“ತಪ್ಪು ನಂದೇ,” ಎಂದರು. “ಎಣ್ಣೆ ಹಾಕದೇನೇ ಬಟ್ಟೆ ಬಿಚ್ಚಿಬಿಟ್ಟಿದ್ದೀನಿ.”

ಆಗ ನನಗೆ ಕಸದ ಡ್ರಮ್ಮಿಗೆ ಎಸೆದ ಆ ಕೆಂಪು ಬಟ್ಟೆ ನೆನಪಾಯಿತು. ಅರ್ಧ ಗಂಟೆ ಜಗಳವಾಡಿದ್ದವನ ಎದುರೇ ತಪ್ಪೊಪ್ಪುವುದಕ್ಕೆ ಹೆದರಿದೆ, ಅಷ್ಟೇ. ಹೇಡಿ ನಾನು.

ಅವನು ಹೋದ ಮೇಲೆ ಹೇಳೋಣವೆಂದುಕೊಂಡೆ. ಆಮೇಲೆ ನಾಳೆ ಎಂದುಕೊಂಡೆ. ಭಾವ ಮರುದಿನವೇ ಅಲೆದು ಇನ್ನೊಂದು ಗೇರ್‌ಬಾಕ್ಸ್ ಹುಡುಕಿ ತಂದರು. ಆದರೆ ಸ್ಪ್ಯಾನರ್ ಮುಟ್ಟಲಿಲ್ಲ, ನೀನೇ ಕೂರಿಸು ಎಂದರು. ಅಂದು ಸಂಜೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಕ್ಯಾಲೆಂಡರಿನ ಹಿಂಬದಿ ತೋರಿಸಿದಳು. ಮೊಮ್ಮಕ್ಕಳ ಮೂರು ಹೆಸರು, ಭಾವನ ಅಕ್ಷರದಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ನೆನಪಿನಿಂದ ಬರೆದು ನೋಡಿದರಂತೆ. ಅಪ್ಪನ ಕಾಯಿಲೆ ತಮಗೂ ಬಂತೆಂದು ಅವರು ನಂಬಿಬಿಟ್ಟಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬೆಳಿಗ್ಗೆ ಗೇರ್‌ಬಾಕ್ಸ್ ಕೂರಿಸಿ, ಕೆಂಪು ಬಟ್ಟೆಯನ್ನೂ ಕಟ್ಟಿ, ಸ್ಟೂಲಿನ ಮೇಲೆ ಕೂತಿದ್ದ ಅವರ ಮುಂದೆ ನಿಂತೆ.

“ಭಾವ, ಅವತ್ತು ಬಟ್ಟೆ ಕಿತ್ತಿದ್ದು ನಾನು. ಸೀಟ್ ಒರೆಸೋಕೆ. ನಿಮ್ಮ ತಲೆಗೆ ಏನೂ ಆಗಿಲ್ಲ.”

ಅವರು ಕತ್ತೆತ್ತಿದರು. “ನಿಮ್ಮಕ್ಕ ಹೇಳಿಕೊಟ್ಲಾ?”

“ಅವಳಾಣೆಗೂ ಇಲ್ಲ, ಭಾವ. ನಾನೇ.”

“ಹಾಗಾದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೆದರಿದೆ.”

“ನೀನು? ಹೆದರೋದಾ?” ನಕ್ಕುಬಿಟ್ಟರು. ಪಿಕಪ್ಪನ್ನು ಎಳೆದು ತಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನನ್ನ ಹೆಗಲು ತಟ್ಟಿ, “ನನ್ನ ಸಮಾಧಾನಕ್ಕೆ ತಪ್ಪು ಮೈಮೇಲೆ ಹಾಕ್ಕೊಳ್ತಿದ್ದೀಯ. ನಿಂದು ದೊಡ್ಡ ಮನಸ್ಸು ಕಣೋ,” ಎಂದರು. ಚಹಾ, ಡ್ರಮ್ಮು, ಎಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು, ನಂಬಲಿಲ್ಲ. ಡ್ರಮ್ಮಿನ ಕಸವನ್ನು ಆಗಲೇ ಸಾಗಿಸಿಯಾಗಿತ್ತು.

ಎಣ್ಣೆ ತುಂಬಿದೆ. ತೂತಿನಿಂದ ಹೊರಗೆ ಸುರಿಯತೊಡಗಿತು. ಅವರ ಕೈ ಹಿಡಿದು ಗಾಡಿಯಡಿಗೆ ಕರೆದುಕೊಂಡು ಹೋಗಿ, ಬೆರಳು ಹಾಕಿ ಎಂದೆ. ಹಾಕಿದರು. ಮೊದಲ ಗೆಣ್ಣಿನವರೆಗೂ ಎಣ್ಣೆ ಹತ್ತಿತ್ತು. ಬೆಳಕಿಗೆ ಹಿಡಿದು ನೋಡಿದರು, ಹೆಬ್ಬೆರಳಿಗೆ ಉಜ್ಜಿದರು. ಆಮೇಲೆ ಆ ಬೆರಳನ್ನು ನನ್ನ ಮುಂದೆ ಚಾಚಿದರು.

“ಒದ್ದೆ ಇದೆ ಅಲ್ವಾ? ನೀನೊಂದ್ಸಲ ನೋಡಿ ಹೇಳು.”