ತೊಳೆಯಬಾರದ ಉಣ್ಣೆ

ಜಮಖಂಡಿಯ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಹೆಚ್ಚು ಸೋತವಳಲ್ಲ. ಹಿರಿಯರು ಹೇಳಿದರು ಎಂಬುದು ಪುರಾವೆಯಾಗದು ಎಂದು ವೇದಿಕೆಯ ಮೇಲೆ ಸಾಧಿಸಿ ಬಂದವಳು, ಮನೆಯಲ್ಲಿ ಒಂದು ಹಿಡಿ ಕುರಿ ಉಣ್ಣೆಯ ಮುಂದೆ ಸೋತೆ.

ನಮ್ಮಜ್ಜನನ್ನು ನಾನು ಮುತ್ಯಾ ಎನ್ನುತ್ತೇನೆ. ಅವನ ಬಲಗೈ ನಡುಗತೊಡಗಿದ ಮೇಲೆ ದಾಡಿ ಮಾಡುವ ಕೆಲಸ ನನಗೆ ಬಂತು. ಮಡಚುವ ಹಳೆಯ ಕ್ಷೌರದ ಕತ್ತಿ, ಕುರಿ ಕಾಯುತ್ತಿದ್ದ ದಿನಗಳಿಂದಲೂ ಅವನ ಜೊತೆಗಿದ್ದದ್ದು. ಕಟಿಂಗ್ ಅಂಗಡಿಗೆ ಹೋಗೋಣವೆಂದರೆ ಒಲ್ಲೆ. "ಕುತ್ತಿಗಿ ಒಡ್ಡೂದಂದ್ರ ಸಣ್ಣ ಮಾತಲ್ಲ. ಮನಿಯವರಿಗಷ್ಟ ಒಡ್ಡತೀನಿ," ಎನ್ನುತ್ತಿದ್ದ.

ಅವನದು ಒಂದೇ ಕಟ್ಟಳೆ. ಕೆಲಸವಾದ ಮೇಲೆ ಕತ್ತಿಯನ್ನು ತೊಳೆದು, ಅರಿವೆಯಿಂದ ಒಣಗಿಸಿ, ಕೊನೆಗೆ ಡಬ್ಬಿಯಲ್ಲಿಟ್ಟ ಉಣ್ಣೆಯಿಂದ ಎರಡೂ ಮೈ ಒರೆಸಬೇಕು. ಉಣ್ಣೆಯೋ, ಕುರಿಯ ಮೈಯಿಂದ ಕತ್ತರಿಸಿದ್ದು ಕತ್ತರಿಸಿದ ಹಾಗೆಯೇ, ಹಿಂಡಿನ ವಾಸನೆ ಸಮೇತ.

"ಇದ್ಯಾಕ ಮುತ್ಯಾ? ಬೀರಪ್ಪ ದೇವರು ಹೇಳ್ಯಾನೇನು?"

"ಬೀರಪ್ಪಗ ದಾಡಿ ಚಿಂತಿ ಇಲ್ಲ. ಒರಸ ಬೇ, ವಕೀಲವ್ವ."

ಇದನ್ನು ಉತ್ತರವೆನ್ನುತ್ತಾರೆಯೇ? ಅವನು ಹುನ್ನೂರಿಗೆ ಹೋಗಿದ್ದ ದಿನ ಆ ಉಣ್ಣೆಯನ್ನು ಸಾಬೂನು ಹಚ್ಚಿ ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಡಬ್ಬಿಗೆ ತುಂಬಿದೆ. ಒರೆಸುವ ಶಾಸ್ತ್ರವನ್ನು ಮಾತ್ರ ಚಾಚೂ ತಪ್ಪದೆ ನಡೆಸಿದೆ.

ನಮ್ಮ ಬೋರಿನ ನೀರು ಸವಳು. ಎರಡು ವಾರದೊಳಗೆ ಕತ್ತಿಯ ಮೇಲೆ ಬಿಳಿ ಚುಕ್ಕೆಗಳೆದ್ದವು. ಉಗುರಿನಿಂದ ಕೆರೆದರೆ ಕೆಳಗೆ ಕಂದು ತುಕ್ಕು. ಮುತ್ಯಾನ ಕಣ್ಣಿಗೆ ಅವು ಕಾಣವು. ಬಾಯಿ ಮುಚ್ಚಿಕೊಂಡೆ.

ಮುಂದಿನ ಸಲ ಕತ್ತಿ ಗದ್ದದ ಕೆಳಗೆ ಕೂದಲು ಹಿಡಿದು ಜಗ್ಗಿತು. ಮುತ್ಯಾ ನನ್ನ ಮಣಿಕಟ್ಟು ಹಿಡಿದ. ಬೈಯುತ್ತಾನೆ ಅಂದುಕೊಂಡೆ.

"ಸಾಕು ತಂಗಿ. ನಿನ್ನ ಕೈ ಛಲೋನ ಐತಿ. ನನ್ನ ಚರ್ಮನ ಹಳೇದಾತು, ಕತ್ತಿ ತಡಿಯಂಗಿಲ್ಲ. ಇನ್ನ ಗಡ್ಡ ಬಿಡತೀನಿ."

ಅರ್ಧ ಮುಖದ ಮೇಲೆ ನೊರೆ ಹಾಗೇ ಇತ್ತು. ಇಷ್ಟು ವರ್ಷ ನುಣ್ಣಗೆ ಇಟ್ಟುಕೊಂಡ ಕೆನ್ನೆಯನ್ನು ಅವನು ನಡುಗುವ ಅಂಗೈಯಿಂದ ಸವರಿಕೊಂಡ. ಸುಮ್ಮನಿದ್ದಿದ್ದರೆ ನಾನು ಗೆದ್ದಂತೆಯೇ.

"ಚರ್ಮ ಅಲ್ಲ ಮುತ್ಯಾ. ಕತ್ತಿಗಿ ಕಲಿ ಬಿದ್ದಾವು. ಉಣ್ಣಿ ನಾನ ತೊಳದೇನಿ."

"ಯಾತರಲೆ?"

"ಸಾಬೂನಿಲೆ."

ನೊರೆಯೊಳಗಿಂದಲೇ ನಕ್ಕ. "ಮಳ್ಯಾಗ ನಿಂತ ಕುರಿ ಮೈ ಕೊಡವಿದ್ರ ನೀರ ಹೋತು. ಯಾಕ? ಉಣ್ಣ್ಯಾಗ ಜಿಡ್ಡ ಇರತೈತಿ. ಆ ಜಿಡ್ಡ ಕತ್ತಿಗಿ ನೀರ ಮುಟ್ಟಗೊಡಂಗಿಲ್ಲ. ನೀ ಜಿಡ್ಡ ತಗದು ಬರೇ ಕೂದಲ ಇಟ್ಟಿ!"

"ಅವತ್ತ ಹೇಳಾಕ ಏನಾಗಿತ್ತು?"

"ನೀ ಕೇಳಿದ್ದು ಬೀರಪ್ಪನ ಸುದ್ದಿ."

ಅವನು ಹೇಳಿದಂತೆ ಲಿಂಬೆಹುಳಿ ಹಚ್ಚಿ, ತಡಮಾಡದೆ ತೊಳೆದೆ, ಬಿಳಿ ಹೋಯಿತು. ತುಕ್ಕಿಗೆ ಜರಡಿ ಹಿಡಿದ ಬೂದಿ, ನಾಲ್ಕು ಹನಿ ಎಣ್ಣೆ. ಕತ್ತಿಯ ಬೆನ್ನಿನಿಂದ ಅಲಗಿನ ಕಡೆಗೇ ಒರೆಸಬೇಕು, ತಿರುಗಿ ಅಲ್ಲ. ಬೆನ್ನಿನ ಹತ್ತಿರದ ಒಂದು ಚುಕ್ಕೆ ಏನು ಮಾಡಿದರೂ ಹೋಗಲಿಲ್ಲ. ಅಲಗನ್ನು ಕಲ್ಲಿಗೆ ಮಸೆಯುವಾಗ ಅವನ ಕೈಯ ಮೇಲೆ ನನ್ನ ಕೈ ಇಟ್ಟಿದ್ದೆ. ನಡುಕ ನನಗೂ ಹತ್ತುತ್ತಿತ್ತು.

ಹುನ್ನೂರಿನಲ್ಲಿ ಕುರಿ ಸಾಕಿರುವ ಸೋದರಮಾವ ಹೊಸ ಉಣ್ಣೆ ಕಳಿಸುವವರೆಗೆ ಎರಡು ದಿನ ಮುತ್ಯಾ ಅರ್ಧ ಗಡ್ಡದಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ಕೇಳಿದವರಿಗೆಲ್ಲ, "ಉಳದಿದ್ದು ಕೇಸಿನ್ಯಾಗ ಐತಿ," ಎನ್ನುತ್ತಿದ್ದ.

ಮೂರನೆಯ ದಿನ ನೊರೆ ಹಚ್ಚಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಜೊತೆಗೆ ಒಂದೆರಡು ಸಮರ್ಥನೆಗಳೂ ಇದ್ದವು.

"ಈಗ ವಾದ ಬ್ಯಾಡ ಬೇ," ಎಂದ ಮುತ್ಯಾ. "ಕೈಯಾಗ ಕತ್ತಿ ಐತಿ."

ಗದ್ದ ಎತ್ತಿ, ಕಣ್ಣು ಮುಚ್ಚಿ, ಕುತ್ತಿಗೆ ಒಡ್ಡಿದ.